ಜಯರಾಮನ ಪಾಲಿನ ಕಷಾಯ

ಜಯರಾಮ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅದೂ ಕ್ಯಾಶ್ ಕೌಂಟರಿನ ಪಕ್ಕದ, ಮೊಳೆ ಮೇಲೆದ್ದ, ಗಿರಾಕಿಗಳೂ ಕೂರಲು ಹಿಂಜರಿಯುವ ಮರದ ಸ್ಟೂಲಿನ ಮೇಲೆ. ಕೂತು, ಮೇಲಿನ ಕಾಲನ್ನು ಅಲ್ಲಾಡಿಸುತ್ತ, ಲಾರಿ ಬಾಡಿ ಕಟ್ಟುವ ಸರ್ದಾರ್ಜಿಯೊಬ್ಬನ ಜೊತೆ ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ ನಗುತ್ತಿದ್ದ. ಚಂದ್ರಹಾಸ ತನ್ನ ಮೇಜಿನಿಂದ ಆ ಅಲ್ಲಾಡುವ ಕಾಲನ್ನೇ ನೋಡುತ್ತಿದ್ದ. ಮುಂದೆ ಯಾರದೋ ಸಾಲದ ಅರ್ಜಿ ಇತ್ತು, ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದ. ಒಬ್ಬ ಕೂರುವುದನ್ನು ನೋಡಿ ಇನ್ನೊಬ್ಬನಿಗೆ ಹೊಟ್ಟೆ ಉರಿಯುತ್ತದೆ ಎಂದು ಮೊದಲು ಯಾರಾದರೂ ಹೇಳಿದ್ದರೆ ಅವನೇ ನಗುತ್ತಿದ್ದ. ಈಗ ಟಾಕೀಸಿನಲ್ಲಿ ಇಡೀ ಸಿನಿಮಾ ಕೂತು ನೋಡುವವರು, ಬಸ್ಸಿನ ಹಿಂದಿನ ಸೀಟಿನಲ್ಲಿ ಎಗರಿ ಬೀಳುತ್ತ ನಿದ್ದೆ ಹೊಡೆಯುವವರು, ದೇವಸ್ಥಾನದ ಕಲ್ಲುಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿದ ಮುದುಕರು, ಎಲ್ಲರೂ ತನ್ನಿಂದ ಏನನ್ನೋ ಕಿತ್ತುಕೊಂಡವರ ಹಾಗೆ ಕಾಣುತ್ತಿದ್ದರು. ಆದರೆ ಅವರೆಲ್ಲ ದೂರದವರು, ಅವರನ್ನು ಕ್ಷಮಿಸಬಹುದಿತ್ತು. ಜಯರಾಮನನ್ನು ಕ್ಷಮಿಸಲು ಆಗುತ್ತಿರಲಿಲ್ಲ, ಯಾಕೆಂದರೆ ಕೆಲವೇ ತಿಂಗಳ ಹಿಂದೆ ಜಯರಾಮನೂ ಅವನ ಹಾಗೆಯೇ ಕೂರಲಾರದವನಾಗಿದ್ದ.

ಹೊರಗೆ ವಿಜಯವಾಡದ ಆಟೋನಗರದಲ್ಲಿ ಲಾರಿ ಕಟ್ಟುವವರ ಸುತ್ತಿಗೆಗಳು ಒಂದೇ ಸಮನೆ ಬಡಿಯುತ್ತಿದ್ದವು. ವೆಲ್ಡಿಂಗಿನ ನೀಲಿ ಬೆಳಕು ಬ್ಯಾಂಕಿನ ಗಾಜಿನ ಮೇಲೆ ಬಂದು ಬಂದು ಹೋಗುತ್ತಿತ್ತು. ಚಂದ್ರಹಾಸ ಭಾರವನ್ನು ಎಡ ತೊಡೆಯಿಂದ ಬಲ ತೊಡೆಗೆ ಹಾಕಿದ. ಅವನ ಕೆಳಗೆ ಗಾಳಿ ತುಂಬಿದ, ಬಳೆಯಾಕಾರದ ರಬ್ಬರ್ ದಿಂಬು, ಅದಕ್ಕೆ ಹೆಂಡತಿ ಪ್ರಫುಲ್ಲಾ ಹೊಲಿದ ಹೂವಿನ ಬಟ್ಟೆಯ ಕವರು. ಸೊಂಟನೋವು ಎಂದು ಸ್ಟಾಫಿಗೆಲ್ಲ ಹೇಳಿಯಾಗಿತ್ತು. ಸೊಂಟನೋವಿಗೆ ಮರ್ಯಾದೆ ಇದೆ. ಮ್ಯಾನೇಜರು ಕೂಡ ತಮ್ಮ ಸೊಂಟನೋವಿನ ಕಥೆ ಹೇಳುತ್ತಾರೆ. ಆದರೆ ಕಿಬ್ಬೊಟ್ಟೆಯ ಕೆಳಗೆ, ತೊಡೆಗಳ ನಡುವೆ, ಕೈಯಿಟ್ಟು ಇಲ್ಲಿ ಎಂದು ತೋರಿಸಲೂ ಆಗದ ಜಾಗದಲ್ಲಿ ಕೆಂಡ ಇಟ್ಟ ಹಾಗೆ ಬೆಳಗಿನಿಂದ ರಾತ್ರಿಯವರೆಗೆ ಸುಡುವ ನೋವಿಗೆ ಯಾವ ಮರ್ಯಾದೆಯೂ ಇರಲಿಲ್ಲ. ಅದು ಶುರುವಾದದ್ದು ವಿಶಾಖಪಟ್ಟಣದಲ್ಲಿ, ಹಿಂದಿನ ಪೋಸ್ಟಿಂಗಿನಲ್ಲಿ. ಬೀಚಿನ ಕಟ್ಟೆಯ ಮೇಲೆ ಪ್ರಫುಲ್ಲಾಳ ಪಕ್ಕ ಕೂತು ಹಡಗು ನೋಡುತ್ತಿದ್ದವನು ಇದ್ದಕ್ಕಿದ್ದ ಹಾಗೆ ಎದ್ದು ನಿಂತಿದ್ದ. ಯಾಕೆ ಎಂದು ಅವಳು ಕೇಳಿದಾಗ ಕಟ್ಟೆ ಬಿಸಿ ಎಂದಿದ್ದ. ಆಮೇಲೆ ಡಾಕ್ಟರು. ಪರದೆಯ ಹಿಂದೆ ಮಂಡಿ ಮಡಚಿ ಮಲಗಿಸಿ, ಕೈಗವಸು ತೊಟ್ಟು, ನರ್ಸಿನ ಹತ್ತಿರ ತಮ್ಮ ಮಗಳ ಕಾಲೇಜು ಅಡ್ಮಿಷನ್ನಿನ ವಿಷಯ ಮಾತಾಡುತ್ತಲೇ ಒಳಗೆ ಬೆರಳಿಟ್ಟು ನೋಡಿ, ಪ್ರಾಸ್ಟೇಟು ಸ್ವಲ್ಪ ಊದಿದೆ ಎಂದಿದ್ದರು. ರಾಶಿ ಮಾತ್ರೆ ನುಂಗಿದ ಮೇಲೆ ರಿಪೋರ್ಟುಗಳೆಲ್ಲ ಸರಿಯಾದವು, ನೋವು ಮಾತ್ರ ಹಾಗೇ ಉಳಿಯಿತು. "ಅಂತಾ ನಾರ್ಮಲೇ ಸಾರ್, ಟೆನ್ಷನ್ ತಗ್ಗಿಂಚುಕೋಂಡಿ" ಎಲ್ಲ ಸರಿಯಿದೆ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ ಎಂದು ಕಳಿಸಿಬಿಟ್ಟರು. ರಿಪೋರ್ಟು ಸರಿಯಿದ್ದರೆ ನೋವು ಯಾರದ್ದು ಎಂದು ಕೇಳಬೇಕೆಂದಿದ್ದವನು ಥ್ಯಾಂಕ್ಯೂ ಎಂದು ಹೇಳಿ ಹೊರಗೆ ಬಂದಿದ್ದ.

ಕಷಾಯ ಕಲಿಸಿದ್ದು ಆ ಊರಿನ ಮನೆ ಓನರು ಕೋಟೇಶ್ವರಮ್ಮ. ಆಕೆಯ ಸತ್ತುಹೋದ ಗಂಡನಿಗೂ ಹಿಂದೆ ಇದೇ ತೊಂದರೆ ಇತ್ತಂತೆ, ಈ ಕಷಾಯದಿಂದಲೇ ಗುಣವಾಗಿತ್ತಂತೆ. ಆಕೆ ಅದನ್ನು ಇವನಿಗೆ ಹೇಳಲಿಲ್ಲ, ಪ್ರಫುಲ್ಲಾಳಿಗೆ ಹೇಳಿದಳು. ಬಾಗಿಲ ಮರೆಯಲ್ಲಿ ಇಬ್ಬರು ಹೆಂಗಸರು ತನ್ನ ದೇಹದ ಕೆಳಭಾಗದ ಬಗ್ಗೆ ಪಿಸುಗುಡುವುದನ್ನು ಚಂದ್ರಹಾಸ ಪೇಪರು ಅಡ್ಡ ಹಿಡಿದು ಕೇಳಿಸಿಕೊಂಡಿದ್ದ. ಪುತ್ತೂರಿನಿಂದ ಬಂದು ವರ್ಷವಾದರೂ ತರಕಾರಿಯವನ ಹತ್ತಿರ ಬೆರಳು ತೋರಿಸಿ ವ್ಯಾಪಾರ ಮಾಡುತ್ತಿದ್ದ ಪ್ರಫುಲ್ಲಾ ಮೊಟ್ಟಮೊದಲು ಸರಿಯಾಗಿ ಕಲಿತ ತೆಲುಗೆಂದರೆ ಉರಿ, ಊತ, ಮೂತ್ರ, ಕಷಾಯ ಇವುಗಳ ತೆಲುಗು. ನೆಗ್ಗಿಲು ಮುಳ್ಳಿನ ಕಾಯಿ, ಬಿಳಿ ಕೊಮ್ಮೆಯ ಬೇರು, ಲಾವಂಚ, ಒಂದು ಹಿಡಿ ಕೊತ್ತಂಬರಿ. ಕಾಯಿ ಕುಟ್ಟುವಾಗ ಮುಳ್ಳು ಚುಚ್ಚಿ ಅವಳ ಬೆರಳ ತುದಿ ಸದಾ ಕೆಂಪಗಿರುತ್ತಿತ್ತು. ವಿಜಯವಾಡಕ್ಕೆ ವರ್ಗವಾದ ಮೇಲೂ ಪಟಮಟದ ಮನೆಯಲ್ಲಿ ದಿನಾ ನಸುಕಿಗೆ ಅದೇ ವಾಸನೆ ಏಳುತ್ತಿತ್ತು. ಅವನು ಲೋಟ ಎತ್ತಿ ಕುಡಿದು, ಮುಖ ಕಿವುಚದೆ ಕೆಳಗಿಡುತ್ತಿದ್ದ. ಅವಳು ಕೇಳುತ್ತಿದ್ದಳು, ಹೇಗುಂಟು ಇವತ್ತು? ಅವನು ಹೇಳುತ್ತಿದ್ದ, ಹಾಗೇ. ಇದು ಎರಡು ವರ್ಷ ನಡೆದಿತ್ತು. ನಡುವೆ ಒಂದು ದಿನ ಅವಳು ತನ್ನ ಹಾಸಿಗೆಯನ್ನು ಕಿಟಕಿಯ ಕೆಳಗೆ ಹಾಕಿಕೊಂಡಳು, ಈ ಊರಿನ ಸೆಕೆಗೆ ಆಗುವುದಿಲ್ಲ ಎಂದಳು. ಹೆಂಡತಿಯನ್ನು ಮುಟ್ಟಿದರೆ ಆಮೇಲೆ ದಿನಗಟ್ಟಲೆ ನರಳುವ ಗಂಡನಿಗೆ ಇದಕ್ಕಿಂತ ಮೆತ್ತಗೆ ಯಾರೂ ಹೇಳಲಾರರು. ಅವನಿಗೆ ಅದು ಅರ್ಥವಾಗಿತ್ತು, ಅರ್ಥವಾದದ್ದಕ್ಕೇ ಅವಳ ಮೇಲೆ ಸಿಟ್ಟು ಬಂದಿತ್ತು.

ಜಯರಾಮ ಮಂಗಳೂರಿನಿಂದ ವರ್ಗವಾಗಿ ಬಂದ ಮೊದಲ ವಾರವೇ ಇವನ ಮೇಜಿನ ಹತ್ತಿರ ನಿಂತು, ಹೂವಿನ ಕವರನ್ನು ನೋಡಿ, ಆಚೆ ಈಚೆ ಕಣ್ಣು ಹಾಯಿಸಿ ಬಗ್ಗಿದ್ದ.

"ಇದು ಸೊಂಟಕ್ಕಲ್ಲ ಅಲ್ವಾ?"

ಚಂದ್ರಹಾಸನ ಕಿವಿ ಬಿಸಿಯಾಗಿತ್ತು. "ಎಂತದ್ದು?"

"ಅಲ್ಲ, ಕೇಳಿದ್ದು. ನನಗೂ ಉಂಟು ಮಾರಾಯ್ರೆ. ಊರಲ್ಲಿ ಹೆಂಡತಿಗೂ ಸರಿ ಹೇಳ್ಲಿಲ್ಲ. ಹೇಳ್ಲಿಕ್ಕೆ ನಾಚಿಕೆ."

ಆ ದಿನ ಚಂದ್ರಹಾಸನಿಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಇಬ್ಬರೂ ಊಟದ ಹೊತ್ತಿಗೆ ರೆಕಾರ್ಡ್ ರೂಮಿನಲ್ಲಿ ನಿಂತುಕೊಂಡೇ ಡಬ್ಬಿ ಬಿಚ್ಚುತ್ತಿದ್ದರು. ಯಾವ ಕುರ್ಚಿ ವಾಸಿ, ಯಾವ ಬಸ್ಸಿನ ಯಾವ ಸೀಟು ಆದೀತು, ಮಾವನ ಮನೆಯಲ್ಲಿ ಎಲೆಯ ಮುಂದೆ ಕೂರಲಾಗದೆ ಉಪವಾಸ ಎಂದು ಸುಳ್ಳು ಹೇಳಿದ್ದು, ಎಲ್ಲವನ್ನೂ ಹಂಚಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಸಂಜೆ ಮನೆಗೆ ಹೋಗಿ ಪ್ರಫುಲ್ಲಾಳಿಗೆ ಅವನೇ ಹೇಳಿದ್ದು, ನಾಳೆಯಿಂದ ಒಂದು ಪಾಲು ಹೆಚ್ಚು ಇಡು, ನಮ್ಮೂರ ಕಡೆಯವನು, ಒಬ್ಬನೇ ರೂಮಿನಲ್ಲಿದ್ದಾನೆ, ಪಾಪ. ಅವನಾಗಿಯೇ ಹೇಳಿದ್ದ, ಯಾರೂ ಅವನ ಕೈ ತಿರುಚಿರಲಿಲ್ಲ. ಈ ವಿಷಯ ನೆನಪಾದಾಗೆಲ್ಲ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನ್ನಿಸುತ್ತಿತ್ತು.

ಪ್ರಫುಲ್ಲಾ ಹಳೆಯ ಫ್ಲಾಸ್ಕನ್ನು ಬಿಸಿನೀರಿನಲ್ಲಿ ತೊಳೆದು ಕಷಾಯ ತುಂಬಿ ಕೊಡುತ್ತಿದ್ದಳು, ಚಂದ್ರಹಾಸ ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ತರುತ್ತಿದ್ದ. ಜಯರಾಮ ಎರಡು ಬೆರಳಲ್ಲಿ ಮೂಗು ಹಿಡಿದು ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಇಳಿಸುತ್ತಿದ್ದ, ಎಳೆ ಮಗು ಹರಳೆಣ್ಣೆ ಕುಡಿದ ಹಾಗೆ. ಕುಡಿದು, "ನಿಮ್ಮ ಮನೆಯವರಿಗೆ ಎಷ್ಟು ಕಷ್ಟ ಕೊಡ್ತಿದ್ದೇನೆ" ಎನ್ನುತ್ತಿದ್ದ. ಮೊದಲ ವಾರ ಅಷ್ಟೇ. ಗುಣ ಏನೂ ಕಾಣಲಿಲ್ಲ, ಅದರಿಂದ ಚಂದ್ರಹಾಸನಿಗೆ ಬೇಸರವೂ ಆಗಲಿಲ್ಲ. ಬೇಸರವಾದದ್ದು ಬೇರೆ ವಿಷಯಕ್ಕೆ. ಸಂಜೆ ಬಾಗಿಲು ತೆಗೆಯುತ್ತಲೇ ಪ್ರಫುಲ್ಲಾ ಕೇಳುತ್ತಿದ್ದಳು, "ಜಯರಾಮ ಕುಡಿದ್ರಾ? ಎಂತ ಹೇಳಿದ್ರು?" ಅವಳ ದನಿಯಲ್ಲಿ ಒಂದು ಕಾತರ ಇರುತ್ತಿತ್ತು. ತನಗೆ ಆ ಪ್ರಶ್ನೆ ಈಚೆಗೆ ಬರುವುದೇ ನಿಂತಿದೆ ಎಂದು ಅವನಿಗೆ ಆಗ ಹೊಳೆಯಿತು. ಯಾವಾಗ ನಿಂತಿತೋ ಗೊತ್ತಿಲ್ಲ. ಬಹುಶಃ ಹಾಗೇ, ಹಾಗೇ ಎಂದು ತಾನೇ ಹೇಳಿ ಹೇಳಿ ನಿಲ್ಲಿಸಿದ್ದಿರಬೇಕು.

ಒಂದು ಬೆಳಿಗ್ಗೆ ಬ್ಯಾಂಕಿನ ಹಿಂದೆ, ಜನರೇಟರಿನ ಶೆಡ್ಡಿನ ಮರೆಯಲ್ಲಿ ಸ್ಕೂಟರು ನಿಲ್ಲಿಸಿದವನಿಗೆ ಫ್ಲಾಸ್ಕಿನ ಮುಚ್ಚಳ ತೆರೆಯಬೇಕೆನ್ನಿಸಿತು. ಯಾಕೆಂದು ಅವನಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲ ಎಂದುಕೊಂಡ. ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಸಿಹಿ ಇತ್ತು. ಕಹಿಯ ಮೇಲೆ, ಕಹಿಯ ಸುತ್ತ, ಒಳ್ಳೆಯ ಬೆಲ್ಲದ ಸಿಹಿ. ಕೋಟೇಶ್ವರಮ್ಮ ಯಾರ ಕೈಯಲ್ಲೋ ಕಳಿಸಿದ್ದ ಅನಕಾಪಲ್ಲಿಯ ಬೆಲ್ಲ, ಡಬ್ಬಿಯಲ್ಲಿ ಭದ್ರವಾಗಿಟ್ಟು ಹಬ್ಬಕ್ಕೆ ಮಾತ್ರ ತೆಗೆಯುತ್ತಿದ್ದದ್ದು. ಚಂದ್ರಹಾಸ ಶೆಡ್ಡಿನ ಗೋಡೆಗೆ ಒರಗಿ ನಿಂತ. ಎರಡು ವರ್ಷ ತಾನು ಕುಡಿದದ್ದು ಬರೀ ಕಹಿ. ಹಾಗಾದರೆ ಬೇರೆ ಏನೇನು ಹಾಕಿದ್ದಾಳೆ ಇದರಲ್ಲಿ, ಬೇರು ಎಷ್ಟು ಹೆಚ್ಚು, ಎಷ್ಟು ಹೊತ್ತು ಹೆಚ್ಚು ಕುದಿಸಿದ್ದಾಳೆ? ಅಷ್ಟು ಯೋಚನೆಯ ನಡುವೆ ಫ್ಲಾಸ್ಕು ಖಾಲಿಯಾಗಿತ್ತು. ಕುಡಿದು ಮುಗಿಸಿದ ಮೇಲೆಯೇ ತಾನು ಕುಡಿದೆ ಎಂದು ಗೊತ್ತಾದದ್ದು. ಎದುರಿನ ಟೀ ಅಂಗಡಿಗೆ ಹೋಗಿ ಹಾಲಿಲ್ಲದ ಟೀಯಲ್ಲಿ ಶುಂಠಿ ಜಜ್ಜಿ ಹಾಕಿಸಿ, ಬೆಲ್ಲ ಬೆರೆಸಿ, ಗಂಟಲು ಕೆಟ್ಟಿದೆ ಎಂದು ಸುಳ್ಳು ಹೇಳಿ ಫ್ಲಾಸ್ಕು ತುಂಬಿಸಿಕೊಂಡು ಒಳಗೆ ಬಂದ. ಜಯರಾಮ ಮೂಗು ಹಿಡಿದು ಕುಡಿದ. ಕಣ್ಣು ತೆರೆದು ಹೇಳಿದ:

"ಇವತ್ತು ಹದ ಭಾರೀ ಒಳ್ಳೆದಾಗಿದೆ. ಹೇಳಿ ಅವರಿಗೆ."

ಆ ಸಂಜೆ ಚಂದ್ರಹಾಸ ಸುಮ್ಮನೆ ಕೇಳುವವನ ಹಾಗೆ ಕೇಳಿದ, ಜಯರಾಮನ ಕಷಾಯಕ್ಕೆ ಬೆಲ್ಲ ಹಾಕುತ್ತೀಯಾ? ಪ್ರಫುಲ್ಲಾ ಬೆಂಡೆಕಾಯಿ ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. "ಮತ್ತೆ? ಹೊರಗಿನವರಿಗೆ ಬರೀ ಕಹಿ ಕೊಡ್ಲಿಕ್ಕೆ ಆಗ್ತದಾ? ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡದೆ ಮಾತಾಡಿಸಿದ್ದುಂಟಾ ನಮ್ಮಲ್ಲಿ?" ಅದರಲ್ಲಿ ತಪ್ಪು ಹುಡುಕಲು ಅವನಿಗೆ ಆಗಲಿಲ್ಲ. ಪುತ್ತೂರಿನ ಅವನ ಮನೆಯಲ್ಲೂ ಜಗಲಿ ಹತ್ತಿದವರಿಗೆ ಮೊದಲು ಬರುವುದು ತಂಬಿಗೆ ನೀರು, ಬೆಲ್ಲದ ತುಂಡು. ಮನೆಯವರು ಬೆಲ್ಲ ಕೇಳುವುದಿಲ್ಲ. ಮನೆಯವರಾಗುವುದೆಂದರೆ ಕಹಿ ಕುಡಿಯುವುದೇ ಎಂದು ತನ್ನೊಳಗೇ ಹೇಳಿಕೊಂಡು ಅವನಿಗೆ ಅಳು ಬಂದ ಹಾಗಾಯಿತು. ನನಗೂ ಹಾಕು ಎಂದು ಕೇಳಿದ್ದರೆ ಹಾಕುತ್ತಿದ್ದಳು. ಕೇಳಿ ಹಾಕಿಸಿಕೊಂಡ ಬೆಲ್ಲ ಅವನಿಗೆ ಬೇಡವಾಗಿತ್ತು. ಮಾರನೆಯ ದಿನವೂ ಅವನು ಶೆಡ್ಡಿನ ಮರೆಯಲ್ಲಿ ನಿಂತು ಜಯರಾಮನ ಪಾಲನ್ನು ಕುಡಿದ.

ಅಲ್ಲಿಂದ ಅದೊಂದು ಅಭ್ಯಾಸವಾಯಿತು. ನಸುಕಿಗೆ ಮನೆಯಲ್ಲಿ ತನ್ನ ಕಹಿ ಪಾಲು, ಬ್ಯಾಂಕು ತೆರೆಯುವ ಮುಂಚೆ ಜಯರಾಮನ ಸಿಹಿ ಪಾಲು. ಎರಡು ಪಾಲಿನ ಬಲದಿಂದಾದರೂ ನೋವು ಬಗ್ಗೀತೆಂದು ಕಾದ. ಬಗ್ಗಲಿಲ್ಲ. ಬದಲಿಗೆ ಅದುವರೆಗೆ ಬಸ್ಸಿನಲ್ಲಿ ನಿಂತೇ ಬರುತ್ತಿದ್ದ ಜಯರಾಮ ಒಂದು ದಿನ ಗವರ್ನರ್‌ಪೇಟೆಯ ರೂಮಿನಿಂದ ಸ್ಕೂಟರಿನಲ್ಲಿ ಬಂದಿಳಿದ. ಇನ್ನೊಂದು ದಿನ ಊಟದ ಡಬ್ಬಿಯನ್ನು ಕೂತು ಬಿಚ್ಚಿದ. "ನಂಬ್ಲಿಕ್ಕೆ ಆಗುದಿಲ್ಲ ಮಾರಾಯ್ರೆ, ರಾತ್ರಿ ಒಂದು ಸರ್ತಿಯೂ ಏಳ್ಲಿಲ್ಲ" ಎಂದ. ಚಂದ್ರಹಾಸ ಒಳ್ಳೆಯದಾಯಿತು ಎಂದು ಹೇಳಿ ಬಾತ್‌ರೂಮಿಗೆ ಹೋಗಿ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದ. ಟೀ ಕುಡಿದು ಗುಣವಾಗುತ್ತಿದ್ದಾನೆ! ಆಟೋನಗರದ ಲಾರಿ ಕ್ಲೀನರುಗಳು ಕುಡಿಯುವ ಟೀ! ಇದರಲ್ಲೇ ಏನಾದರೂ ಇದೆಯೋ ಎಂದು ಒಂದು ವಾರ ತಾನೂ ಅದೇ ಅಂಗಡಿಯ ಅದೇ ಶುಂಠಿ ಟೀಯನ್ನು ಮೂಗು ಹಿಡಿದು ಕುಡಿದ. ಎದೆ ಉರಿಯಿತೇ ಹೊರತು ಬೇರೇನೂ ಆಗಲಿಲ್ಲ. ಜಯರಾಮನ ನಡಿಗೆಯನ್ನು, ಅವನು ಮೆಟ್ಟಿಲು ಹತ್ತುವುದನ್ನು, ಕುರ್ಚಿಯಿಂದ ಏಳುವಾಗಿನ ಮುಖವನ್ನು ಗಮನಿಸುವುದೇ ಕೆಲಸವಾಯಿತು. ಎಲ್ಲಾದರೂ ಒಂದು ಸಲ ಹುಬ್ಬು ಗಂಟಿಕ್ಕಲಿ, ಒಂದೇ ಒಂದು ಸಲ ಕೂತಲ್ಲಿ ಮಿಸುಕಲಿ. ಇಲ್ಲ. ಇನ್ನೊಬ್ಬನ ನೋವಿಗಾಗಿ ಹರಕೆ ಹೊತ್ತವನ ಹಾಗೆ ತಾನು ಕಾಯುತ್ತಿದ್ದೇನೆಂದು ಗೊತ್ತಾದಾಗ ಅವನಿಗೆ ಹೇಸಿಗೆಯಾಯಿತು. ಹೇಸಿಗೆಯಾದರೂ ಕಾಯುವುದು ನಿಲ್ಲಲಿಲ್ಲ.

ಸರ್ದಾರ್ಜಿ ಎದ್ದು ಹೋದ. ಶನಿವಾರದ ಅರ್ಧ ದಿನ ಮುಗಿಯುತ್ತ ಬಂದಿತ್ತು. ಜಯರಾಮ ಸ್ಟೂಲಿನಿಂದ ಜಿಗಿದು ಇವನ ಮೇಜಿಗೆ ಬಂದ.

"ಇವತ್ತು ಸಂಜೆ ನಿಮ್ಮ ಮನೆಗೆ ಬರ್ತೇನೆ."

"ಇವತ್ತಾ? ಇವತ್ತು ಅವಳಿಗೆ ಸ್ವಲ್ಪ ತಲೆನೋವು."

"ಕೂತು ಹೋಗುದಲ್ಲ. ಒಂದು ಮಾತು ಹೇಳಿ ಹೋಗುದು. ಮುಂದಿನ ವಾರ ಹೆಂಡತಿಯನ್ನು ಕರ್ಕೊಂಡು ಬರ್ತೇನೆ ಊರಿಂದ. ಅಷ್ಟು ಗುಣ ಆಗಿದೆ ಅಂದ್ರೆ..." ಜಯರಾಮ ನಾಚಿ ನಕ್ಕ. "ನಿಮ್ಮ ಮನೆಯವರ ಕೈಗುಣ. ಎದುರಿಗೆ ಹೇಳದಿದ್ರೆ ನನಗೆ ಸಮಾಧಾನ ಆಗುದಿಲ್ಲ."

ಚಂದ್ರಹಾಸ ಅವನ ನಾಚಿಕೆಯನ್ನೇ ನೋಡಿದ. ಊರಿಂದ ಬರುವ ಆ ಹೆಂಗಸು, ರೂಮಿನ ಬದಲು ಹಿಡಿಯುವ ಮನೆ, ಒಂದೇ ಹಾಸಿಗೆ, ಎಲ್ಲ ಕಣ್ಣಿಗೆ ಕಟ್ಟಿತು. ಕಿಟಕಿಯ ಕೆಳಗಿನ ಹಾಸಿಗೆಯೂ ಕಾಣಿಸಿತು. ಬನ್ನಿ ಎಂದ. ಮನೆಗೆ ಹೋಗುವಾಗ ಆಟೋನಗರದ ಹೊಂಡಗಳಲ್ಲಿ ಎಂದಿನ ಹಾಗೆ ಸೀಟಿನಿಂದ ಎದ್ದು ನಿಂತು ಸ್ಕೂಟರು ಓಡಿಸಿದ. ಬೆಂಜ್ ಸರ್ಕಲ್ಲಿನಲ್ಲಿ ಯಾರೋ ಹುಡುಗರು ನೋಡಿ ನಕ್ಕರು.

ಜಯರಾಮ ಬರುತ್ತಾನೆಂದು ಹೇಳಿದಾಗ ಪ್ರಫುಲ್ಲಾ ಯಾಕೆ ಎಂದು ಕೇಳಲಿಲ್ಲ. ಮುಖ ತೊಳೆದಳು, ಸೀರೆ ಬದಲಿಸಿದಳು, ರವೆ ಹುರಿಯತೊಡಗಿದಳು. ಕೆಳಗಿನ ಮನೆಯ ಲಕ್ಷ್ಮೀಕಾಂತಮ್ಮ, ಇವರ ಮನೆಯ ಯಜಮಾನಿ, ಮಲ್ಲಿಗೆಯ ಮಾಲೆ ಕೊಟ್ಟು ಹೋದಳು, ಅದನ್ನೂ ಮುಡಿದಳು. ಪ್ರಫುಲ್ಲಾ ಇಷ್ಟು ಚಂದ ಕಂಡು ಎಷ್ಟು ಕಾಲವಾಯಿತೆಂದು ಚಂದ್ರಹಾಸ ಬಾಗಿಲಿನ ಚೌಕಟ್ಟಿಗೆ ಒರಗಿ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ. ಯಾರಿಗಾಗಿ ಈ ಮಲ್ಲಿಗೆ? ಅವಳು ಜಯರಾಮನನ್ನು ನೋಡಿದ್ದು ಎರಡು ಸಲ, ಅದೂ ಬಾಗಿಲಲ್ಲಿ. ಹಾಗಿದ್ದೂ ಅವಳು ಇವತ್ತು ಹುರುಪಿನಿಂದ ಪಾತ್ರೆ ಎತ್ತಿಡುತ್ತಿದ್ದ ರೀತಿಯಲ್ಲಿ, ಸೌಟು ತಾಗುವ ಸದ್ದಿನಲ್ಲಿ, ಅವನು ಪ್ರೇಮವನ್ನೇ ಹುಡುಕುತ್ತಿದ್ದ. ಸಿಗಲಿಲ್ಲ. ಸಿಕ್ಕಿದ್ದರೆ ಒಂದು ರೀತಿಯಲ್ಲಿ ಸುಲಭವಾಗುತ್ತಿತ್ತು ಎಂದೂ ಅನ್ನಿಸಿತು.

ಜಯರಾಮ ಬೆಸೆಂಟ್ ರೋಡಿನಿಂದ ಹಣ್ಣು, ಸ್ವೀಟು, ಒಂದು ರವಿಕೆ ಕಣ ತಂದಿದ್ದ. ಬಂದವನಿಗೆ ಪ್ರಫುಲ್ಲಾ ನೀರು, ಬೆಲ್ಲ ತಂದಿಟ್ಟಳು. ಅವನು ನೆಲದ ಮೇಲೆಯೇ ಚಾಪೆಯಲ್ಲಿ ಕೂತ. ಯಾವ ಆಯಾಸವೂ ಇಲ್ಲದೆ, ಮಂಡಿ ಮಡಚಿ, ಬೆನ್ನು ನೆಟ್ಟಗೆ ಮಾಡಿ ಕೂತ. ಚಂದ್ರಹಾಸ ಕಿಟಕಿಯ ಹತ್ತಿರ ನಿಂತೇ ಇದ್ದ.

"ಅಕ್ಕ, ನಿಮಗೆ ಹೇಗೆ ಹೇಳುದು ಅಂತ ಗೊತ್ತಾಗುದಿಲ್ಲ. ಮಂಗಳೂರಲ್ಲಿ ತೋರಿಸದ ಡಾಕ್ಟರಿಲ್ಲ. ಒಬ್ಬ ಹೇಳಿದ, ಇದು ಮನಸ್ಸಿನ ಕಾಯಿಲೆ ಅಂತ. ನಾನು ಹೆಂಡತಿಯ ಹತ್ರ ಮಾತೇ ಬಿಟ್ಟಿದ್ದೆ. ಈಗ ನೋಡಿ, ಹೀಗೆ ಕೂತಿದ್ದೇನೆ. ನಿಮ್ಮ ಕೈಗುಣ, ಬೇರೆ ಎಂತದ್ದೂ ಅಲ್ಲ."

ಪ್ರಫುಲ್ಲಾ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಆಮೇಲೆ ಹೇಳಿದಳು, ಚಂದ್ರಹಾಸನಿಗಲ್ಲ, ಚಾಪೆಯ ಮೇಲೆ ಕೂತವನಿಗೆ ಹೇಳಿದಳು:

"ನನ್ನ ಕೈಯೇ ಸರಿ ಇಲ್ಲ ಅಂತ ಎಣಿಸಿದ್ದೆ ಜಯರಾಮ. ಅದೇ ಕೋಟೇಶ್ವರಮ್ಮ ಮಾಡಿದ್ರೆ ಅವರ ಗಂಡನಿಗೆ ಗುಣ ಆಯ್ತು. ನಾನು ಮಾಡಿದ್ರೆ ಇವರಿಗೆ ಎರಡು ವರ್ಷ ಆದ್ರೂ ಹಾಗೇ. ದಿನಾ ಬೆಳಿಗ್ಗೆ ಒಲೆ ಹಚ್ಚುವಾಗ ಅನ್ನಿಸುದು, ನಾನು ಮುಟ್ಟುದಕ್ಕೇ ಇದು ಹಾಳಾಗುದು ಅಂತ. ಯಾರಿಗೆ ಹೇಳುದು? ಇವತ್ತು ನೀವು ಬಂದು ಹೇಳಿದ್ರಿ. ಸಾಕು ನನಗೆ."

ಚಂದ್ರಹಾಸ ಕಿಟಕಿಯ ಸರಳು ಹಿಡಿದುಕೊಂಡ. ಎರಡು ವರ್ಷ ಈ ಮನೆಯಲ್ಲಿ ಒಂದೇ ನೋವಿದೆ ಎಂದು ಅವನು ತಿಳಿದಿದ್ದ. ಅವಳ ಮಾತು ಕೇಳಿ ಪಾಪ ಅನ್ನಿಸಿತು, ನಾಚಿಕೆಯಾಯಿತು, ಆದರೆ ಅದೆಲ್ಲಕ್ಕಿಂತ ಮೇಲೆ ಬಂದದ್ದು ಹೊಟ್ಟೆಕಿಚ್ಚೇ. ಇದನ್ನು ಅವಳು ತನಗೆ ಯಾಕೆ ಹೇಳಲಿಲ್ಲ? ತನ್ನ ಲೋಟ ತೊಳೆದ ಕೈಯ ಸಂಕಟವನ್ನು ಜಯರಾಮನ ಮುಂದೆ ಯಾಕೆ ಬಿಚ್ಚಿಟ್ಟಳು? ಅವಳ ಮುಖದ ಮೇಲೆ ಈಗ ಬಂದಿರುವ ಬೆಳಕು ತನ್ನ ಮೈ ಗುಣವಾದಾಗ ಬರಬೇಕಿದ್ದದ್ದು. ಅದನ್ನು ಜಯರಾಮ ಪಡೆದುಕೊಂಡಿದ್ದ, ಅದೂ ಟೀ ಕುಡಿದು. ಅಷ್ಟರಲ್ಲಿ ಲಕ್ಷ್ಮೀಕಾಂತಮ್ಮ ಮೆಟ್ಟಿಲು ಹತ್ತಿ ಬಂದಿದ್ದಳು. ಕನ್ನಡ ತಿಳಿಯದಿದ್ದರೂ ಕಣ್ಣೀರು, ಹಣ್ಣು, ರವಿಕೆ ಕಣ ನೋಡಿ ವಿಷಯ ಹಿಡಿದಳು. ಜಯರಾಮ ಸಂಕೋಚವಿಲ್ಲದೆ ತೆಲುಗಿನಲ್ಲಿ ಎಲ್ಲ ಹೇಳಿದ. ಗುಣವಾದವನಿಗೆ ಸಂಕೋಚ ಎಲ್ಲಿಯದು? ಲಕ್ಷ್ಮೀಕಾಂತಮ್ಮ ಪ್ರಫುಲ್ಲಾಳ ಎರಡೂ ಕೈ ಹಿಡಿದುಕೊಂಡಳು.

"ಮಾ ಅಲ್ಲುಡಿಕಿ ಕೂಡಾ ಇದೇ ಬಾಧ ಅಮ್ಮಾ. ವಿಶಾಖಪಟ್ನಂ ಸ್ಟೀಲ್ ಪ್ಲಾಂಟುಲೋ ಉನ್ನಾಡು. ನುವ್ವು ಒಕ್ಕಸಾರಿ ವಚ್ಚಿ ಚೇಸಿ ಪೆಟ್ಟು ತಲ್ಲೀ."

ತನ್ನ ಅಳಿಯನಿಗೂ ಇದೇ ಬಾಧೆ, ವಿಶಾಖಪಟ್ಟಣಕ್ಕೆ ಒಮ್ಮೆ ಬಂದು ನೀನೇ ಮಾಡಿಕೊಡು ಎಂಬ ಆ ಮಾತಿಗೆ ಪ್ರಫುಲ್ಲಾ ಗಂಡನ ಕಡೆ ನೋಡಿದಳು. ಅವನು ಮುಖ ತಿರುಗಿಸಿದ. ನೋಡಿ ಹೇಳುತ್ತೇನೆ ಎಂದು ಅವಳು ಲಕ್ಷ್ಮೀಕಾಂತಮ್ಮನಿಗೆ ಹೇಳಿದಳು.

ಅವರಿಬ್ಬರೂ ಹೋದ ಮೇಲೆ ಮನೆಯಲ್ಲಿ ಮಲ್ಲಿಗೆಯ ವಾಸನೆ ಇತ್ತು, ಉಪ್ಪಿಟ್ಟಿನ ವಾಸನೆ ಇತ್ತು. ಪ್ರಫುಲ್ಲಾ ಲೋಟ, ತಟ್ಟೆ ಎತ್ತಿಕೊಂಡು ಹೋಗಿ ತೊಳೆಯತೊಡಗಿದಳು. ಗುನುಗುತ್ತಿದ್ದಳು. ಆ ಗುನುಗನ್ನು ಅವನಿಗೆ ತಡೆಯಲಾಗಲಿಲ್ಲ. ಬೇಡ ಎಂದು ತನಗೇ ಹೇಳಿಕೊಂಡ, ಹೇಳಿಕೊಳ್ಳುತ್ತಲೇ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ.

"ಅವನು ನಿನ್ನ ಕಷಾಯ ಕುಡಿಯಲೇ ಇಲ್ಲ."

ನಲ್ಲಿಯ ಸದ್ದಿಗೆ ಅವಳಿಗೆ ಕೇಳಿಸಲಿಲ್ಲವೇನೋ. ನಲ್ಲಿ ನಿಲ್ಲಿಸಿ, "ಎಂತ?" ಎಂದಳು.

"ಜಯರಾಮ. ಮೊದಲ ವಾರ ಕುಡಿದದ್ದಷ್ಟೇ. ಆಮೇಲೆ ಅವನ ಪಾಲು ದಿನಾ ನಾನು ಕುಡಿದೆ. ಬ್ಯಾಂಕಿನ ಹಿಂದೆ ನಿಂತು. ಫ್ಲಾಸ್ಕಿಗೆ ಅಂಗಡಿ ಚಾ ತುಂಬಿಸಿ ಕೊಟ್ಟೆ. ಅವನಿಗೆ ಗುಣ ಆದದ್ದು ಚಾದಿಂದ. ಅಥವಾ ಎಂತದ್ದರಿಂದಲೂ ಅಲ್ಲ, ತನ್ನಷ್ಟಕ್ಕೇ ಆದದ್ದು."

ಹೇಳುವಾಗ ಅವನಿಗೆ ಒಂದು ಬಗೆಯ ಸುಖವಾಯಿತು. ಹೇಳಿ ಮುಗಿದ ಕೂಡಲೇ ಆ ಸುಖ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಪ್ರಫುಲ್ಲಾ ಒದ್ದೆ ಲೋಟ ಹಿಡಿದುಕೊಂಡೇ ನಿಂತಿದ್ದಳು. ಬೈಯುತ್ತಾಳೆ, ಅಳುತ್ತಾಳೆ, ನಂಬುವುದಿಲ್ಲ ಎನ್ನುತ್ತಾಳೆ ಎಂದು ಅವನು ಕಾದ. ಅವಳು ಲೋಟವನ್ನು ಒರೆಸಿದಳು, ಬೋರಲು ಹಾಕಿದಳು, ಇನ್ನೊಂದು ಲೋಟ ಎತ್ತಿಕೊಂಡಳು. ಅದನ್ನೂ ಒರೆಸಿದಳು. ಆಮೇಲೆ ತುಂಬ ನಿಧಾನವಾಗಿ, ಅಂಗಡಿಯಲ್ಲಿ ಬಟ್ಟೆ ಆರಿಸುವಾಗಿನ ದನಿಯಲ್ಲಿ ಮಾತಾಡಿದಳು.

"ನೀವು ಹೇಳಿದ್ದು ನಿಜ ಅಂತಾದ್ರೆ ನನ್ನ ಕೈಯಲ್ಲಿ ಎಂತದ್ದೂ ಇಲ್ಲ. ಎರಡು ಪಾಲು ಕುಡಿದ ನಿಮಗೆ ಗುಣ ಆಗ್ಲಿಲ್ಲ, ಚಾ ಕುಡಿದವರಿಗೆ ಆಯ್ತು. ಸುಳ್ಳು ಅಂತಾದ್ರೆ ಹೊಟ್ಟೆಕಿಚ್ಚಿಗೆ ಹೇಳಿದ್ದು, ನಾನು ಒಂದು ದಿನ ನಕ್ಕದ್ದು ನೋಡ್ಲಿಕ್ಕೆ ಆಗದೆ. ಎರಡರಲ್ಲಿ ಯಾವುದು?"

ಅವನು ಬಾಯಿ ತೆರೆದ.

"ಈಗಲೇ ಹೇಳ್ಬೇಡಿ. ಆಲೋಚನೆ ಮಾಡಿ ಹೇಳಿ. ನೀವು ಎಂತ ಹೇಳ್ತೀರೋ ಅದನ್ನೇ ನಂಬ್ತೇನೆ. ಮತ್ತೆ ಇನ್ನೊಂದು ಸರ್ತಿ ಕೇಳುದಿಲ್ಲ."

ಅವಳ ಕುತ್ತಿಗೆಯ ನರವೊಂದು ಹೊಡೆದುಕೊಳ್ಳುತ್ತಿತ್ತು. ಅವಳು ಹೆದರಿದ್ದಳು. ಅವಳು ಹೆದರಿದ್ದು ಜಯರಾಮನಿಗಾಗಿ ಅಲ್ಲ, ಜಯರಾಮ ಅವಳಿಗೆ ಯಾರೂ ಅಲ್ಲ. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಅವಳಿಗೆ ತನ್ನದೆನ್ನುವಂಥದ್ದೊಂದು ಸಿಕ್ಕಿತ್ತು, ಅದನ್ನು ಕಳೆದುಕೊಳ್ಳುವ ಹೆದರಿಕೆ. ಅದನ್ನು ಕಿತ್ತುಕೊಳ್ಳುವ ಅಧಿಕಾರ ಪೂರ್ತಿ ಅವನ ಕೈಯಲ್ಲಿತ್ತು, ಅದೂ ಸತ್ಯದ ಹೆಸರಿನಲ್ಲಿ. ಚಂದ್ರಹಾಸನಿಗೆ ಅದ್ಭುತವಾದ ಆಸೆಯಾಯಿತು. ನಿಜ ಎಂದರೆ ಅವಳು ನಾಳೆ ಒಲೆ ಹಚ್ಚುವುದಿಲ್ಲ. ಇಬ್ಬರೂ ಸೋತವರಾಗಿ, ಇಬ್ಬರೂ ಬರಿಗೈಯಾಗಿ ಈ ಮನೆಯಲ್ಲಿ ಸಮನಾಗಿ ಇರಬಹುದು. ಆಗ ಅವಳು ಪೂರ್ತಿ ತನ್ನವಳಾಗುತ್ತಾಳೆ. ನಿಜ ಎನ್ನುವುದು ಎರಡೇ ಅಕ್ಷರ, ನಾಲಿಗೆಯ ತುದಿಯಲ್ಲೇ ಇತ್ತು.

"ಸುಳ್ಳು" ಅಂದ.

ಅವಳು ಅವನನ್ನೇ ನೋಡುತ್ತಿದ್ದಳು.

"ಸುಳ್ಳು ಹೇಳಿದೆ. ಹೊಟ್ಟೆಕಿಚ್ಚಿಗೆ. ಅವನೇ ಕುಡಿದದ್ದು, ದಿನಾ."

ಪ್ರಫುಲ್ಲಾ ಉಸಿರು ಬಿಟ್ಟಳು. ಅವಳ ಮುಖದಲ್ಲಿ ನೆಮ್ಮದಿ ಬಂತು, ಅದರ ಹಿಂದೆಯೇ ಅವನು ಈವರೆಗೆ ಅವಳಲ್ಲಿ ಕಂಡಿರದ ಒಂದು ಹೇಸಿಗೆ ಬಂತು. "ನೀವು ಇಂಥವರು ಅಂತ ಗೊತ್ತಿರ್ಲಿಲ್ಲ" ಎಂದಳು. ಕೈ ಒರೆಸಿಕೊಂಡು, ಅವನನ್ನು ತಾಗದ ಹಾಗೆ ಬಾಗಿಲಲ್ಲಿ ಪಕ್ಕಕ್ಕೆ ಸರಿದು ಹೊರಗೆ ಹೋದಳು. ಮೆಟ್ಟಿಲಲ್ಲಿ ಅವಳ ಹೆಜ್ಜೆ ಹಗುರವಾಗಿತ್ತು. ಕೆಳಗಿನಿಂದ ಅವಳ ತೆಲುಗು ಕೇಳಿಸಿತು, ತಾನು ವಿಶಾಖಪಟ್ಟಣಕ್ಕೆ ಬರುತ್ತೇನೆ, ಒಬ್ಬಳೇ ಬರುತ್ತೇನೆ, ಅಲ್ಲೇ ನಿಂತು ಮಾಡಿಕೊಡುತ್ತೇನೆ. ಲಕ್ಷ್ಮೀಕಾಂತಮ್ಮ ಸಂತೋಷದಿಂದ ಜೋರಾಗಿ ಏನೋ ಅಂದಳು, ಅದರ ನಡುವೆ ಅಳಿಯನ ಹೆಸರು ಬಂತು, ರಾಮಮೋಹನ್. ಚಂದ್ರಹಾಸ ಆ ಮನುಷ್ಯನನ್ನು ಕಂಡಿರಲಿಲ್ಲ. ಅವನಿಗೆ ಗುಣವಾಗದೇ ಹೋದರೆ ಪ್ರಫುಲ್ಲಾ ಏನಾಗುತ್ತಾಳೋ ಎಂದು ಹೆದರಿಕೆಯಾಯಿತು. ಗುಣವಾದರೆ ತಾನು ಹೇಗೆ ಸಹಿಸುವುದೆಂದು ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.